ಅಪ್‌ಡೇಟ್: ಕುಡತಿನಿ ಹತ್ರ ಮಳೇಲಿ ತಿರುಗಿದ ಕಾರು

ಹೋದ ವಾರ ಕೇಳಿದ್ದೆ: ಮೊದಲ ಮಳೇಲಿ ಬಳ್ಳಾರಿ–ತೋರಣಗಲ್ಲು ರಸ್ತೇಲಿ ಲಾರಿ ಓವರ್‌ಟೇಕ್ ಮಾಡುವಾಗ ನನ್ನ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಗರ್ರನೆ ತಿರುಗಿ ಡಿವೈಡರ್‌ಗೆ ಬಡೀತು, ಯಾಕೆ ಅಂತ. ನನಗೇನೂ ಆಗಿಲ್ಲ, ಬಂಪರ್ ಹೋಯ್ತು.

ಇವತ್ತು ಟೈರ್ ಅಂಗಡೀಲಿ ಅಳತೆ ಮಾಡಿಸಿದೆ. ಹಿಂದಿನ ಟೈರುಗಳ ಗೆರೆಯ ಆಳ 2 ಮಿ.ಮೀ. ಕೂಡ ಇಲ್ಲ. ಕಾನೂನಿನ ಕನಿಷ್ಠ ಮಿತಿ 1.6, ಅದಕ್ಕಿಂತ ಚೂರು ಜಾಸ್ತಿ, ಅಂದ್ರೆ ಲೆಕ್ಕಕ್ಕೆ ಪಾಸ್! ಆದ್ರೆ ಅಷ್ಟು ಅಗಲದ ಟೈರು ಅಷ್ಟು ಸವೆದಿದ್ರೆ ನೀರು ಹೊರಗೆ ತಳ್ಳಲ್ಲ, ಮೇಲೇ ತೇಲುತ್ತೆ. ಟೈರಿನ ಪಕ್ಕದಲ್ಲಿ 2317 ಅಂತಿದೆ: 2017ರ 23ನೇ ವಾರದಲ್ಲಿ ತಯಾರಾದದ್ದು. ಕೊಳ್ಳುವಾಗ ನಾನು ನೋಡಿದ್ದು ಬಣ್ಣ ಮಾತ್ರ. ಸಾಲದ್ದಕ್ಕೆ ರಸ್ತೆ ಮೇಲೆ ಅದಿರಿನ ಕೆಂಪು ಧೂಳು, ಹನಿ ಬಿದ್ರೆ ಸಾಬೂನೇ.

ಆವತ್ತು ಬರೀದೇ ಇದ್ದದ್ದು ಒಂದಿದೆ: ಸ್ಪೋರ್ಟ್ ಮೋಡ್ ಹಾಕಿದ್ದೆ, ಅಂದ್ರೆ ಆಕ್ಸಿಲರೇಟರ್ ಚೂರು ಒತ್ತಿದ್ರೂ ಕಾರು ಜೋರಾಗಿ ನುಗ್ಗುತ್ತೆ. ಹಿಂದಿನ ಚಕ್ರ ಜಾರಿದಾಗ ಹೆದರಿ ಆಕ್ಸಿಲರೇಟರ್‌ನಿಂದ ತಟ್ಟನೆ ಕಾಲು ತೆಗೆದೆ, ಭಾರ ಮುಂದಕ್ಕೆ ವಾಲಿ ಹಿಂದಿನ ಹಿಡಿತ ಇನ್ನೂ ಹೋಯ್ತು, ಆಗಲೇ ಪೂರ್ತಿ ತಿರುಗಿದ್ದು. ನಾಲ್ಕೂ ಟೈರಿಗೆ ಆರ್ಡರ್ ಕೊಟ್ಟಿದ್ದೀನಿ. ಅಪ್ಪಾಜಿ ಕೀಲಿ ಇನ್ನೂ ಕೊಟ್ಟಿಲ್ಲ.