‘ಅಪಾಲಜೆಟಿಕ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ಇಲ್ಲಿಯ ಕನ್ನಡ ಕ್ರೈಸ್ತ ಸಭೆಯೊಂದರ ಹುಡುಗರು ಬೈಬಲ್ ತರಗತಿಗೆಂದು ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದಾರೆ. ದೇವರಿದ್ದಾನೆಯೇ, ಇದ್ದರೆ ಲೋಕದಲ್ಲಿ ಇಷ್ಟೊಂದು ನೋವೇಕೆ, ಯೇಸು ಸತ್ತು ಎದ್ದನೆನ್ನಲು ಆಧಾರವೇನು ಎಂಬಂಥ ಪ್ರಶ್ನೆಗಳಿಗೆ ಯುಕ್ತಿಯಿಂದ ಉತ್ತರಿಸುವ ಶಾಸ್ತ್ರ; ಇಂಗ್ಲಿಷಿನಲ್ಲಿ ಇದಕ್ಕೆ ‘ಅಪಾಲಜೆಟಿಕ್ಸ್’ ಎನ್ನುತ್ತಾರೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಳಪುಟಗಳು ಸಲೀಸು, ಮುಖಪುಟದ ಪದವೇ ಕಗ್ಗಂಟು.

ಅನುವಾದದ ಆ್ಯಪ್ ಕೊಟ್ಟದ್ದು ‘ಕ್ರೈಸ್ತ ಕ್ಷಮಾಯಾಚನೆ’. ಸೋಲಾಪುರದ ಕಡೆಯ ಹಿರಿಯರೊಬ್ಬರು ಓದಿ, “ಯಾರಿಗೆ ಏನ್ ತಪ್ಪ ಮಾಡೇವಂತ ನಾವು ಕ್ಷಮಾ ಕೇಳಬೇಕ್ರೀ?” ಅಂದರು. ಸರಿಯಾದ ತಕರಾರು. ಗ್ರೀಕಿನ ‘ಅಪೊಲೊಗಿಯ’ ಅಂದರೆ ಆರೋಪ ಹೊತ್ತವನು ನ್ಯಾಯಸಭೆಯಲ್ಲಿ ನಿಂತು ತನ್ನ ಪರವಾಗಿ ಆಡುವ ಮಾತು. ಅಥೆನ್ಸಿನಲ್ಲಿ ಸಾಕ್ರಟೀಸ್ ಆಡಿದ್ದು ಅದನ್ನೇ, ಬೈಬಲಿನಲ್ಲಿ ಅಗ್ರಿಪ್ಪ ರಾಜನೆದುರು ಪೌಲ ಆಡಿದ್ದೂ ಅದನ್ನೇ. ಸುಮಾರು ಕ್ರಿ.ಶ. 155ರಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ರೋಮಿನ ಚಕ್ರವರ್ತಿ ಆಂಟೊನಿನಸ್ ಪಯಸ್‌ಗೆ ಬರೆದುಕೊಂಡ ಬಿನ್ನಹಕ್ಕೂ ಅದೇ ಹೆಸರು. ಪೇತ್ರನ ಮೊದಲನೆಯ ಪತ್ರದ 3:15ರಲ್ಲಿ ಈ ಪದವೇ ಇದೆ; ನಮ್ಮ ಕನ್ನಡ ಬೈಬಲ್ ಅಲ್ಲಿ ‘ಉತ್ತರ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ವಾಕ್ಯದೊಳಗೆ ಅದು ಚೆನ್ನ. ಶಾಸ್ತ್ರಕ್ಕೆ ಹೆಸರಾಗಲಾರದು.

‘ಸಮರ್ಥನೆ’ಯನ್ನು ಪತ್ರಿಕೆಗಳು ಕೆಡಿಸಿಬಿಟ್ಟಿವೆ. ಸಿಕ್ಕಿಬಿದ್ದ ಮಂತ್ರಿಯೇ ‘ಸಮರ್ಥಿಸಿಕೊಳ್ಳುವುದು’. ‘ಸಮಜಾಯಿಷಿ’ ಅಂದರೆ ಮೆಮೋ ಕೈಗೆ ಬಂದ ಗುಮಾಸ್ತ ಕಣ್ಣಮುಂದೆ ನಿಲ್ಲುತ್ತಾನೆ. ಇಲ್ಲಿಯ ಮರಾಠಿ ಕೋರ್ಟುಭಾಷೆಯಲ್ಲಿ ಪ್ರತಿವಾದಿ ಬರೆದುಕೊಡುವ ಉತ್ತರಕ್ಕೆ ‘ಕೈಫಿಯತ್’ ಎನ್ನುತ್ತಾರೆ. ಗ್ರೀಕ್ ಅರ್ಥಕ್ಕೆ ಇಷ್ಟು ಹತ್ತಿರದ್ದು ನನಗೆ ಬೇರೆ ಸಿಕ್ಕಿಲ್ಲ, ಆದರೆ ಕನ್ನಡಿಗರಿಗೆ ಕೈಫಿಯತ್ತು ಅಂದರೆ ಬ್ರಿಟಿಷ್ ಅಧಿಕಾರಿ ಮೆಕೆಂಜಿ ಸಂಗ್ರಹಿಸಿದ ಊರುಕೇರಿಗಳ ವೃತ್ತಾಂತ!

ಇನ್ನು ಈ ಭಾಗದ ಹಳೆಯ ವಾದಗಳಲ್ಲಿ ಹುಡುಕಿದೆ. 1831ರಲ್ಲಿ ಮುಂಬಯಿಯಲ್ಲಿ ಮಿಶನರಿ ಜಾನ್ ವಿಲ್ಸನ್ನರ ಎದುರು ಹಿಂದೂ ಪಂಡಿತ ಮೋರಭಟ್ಟ ದಾಂಡೇಕರರು ಬರೆದ ಪುಸ್ತಕದ ಹೆಸರಲ್ಲಿ ‘ಸ್ಥಾಪನ’ ಇದೆ. ನೀಲಕಂಠ ಗೋರೆಯವರದಂತೂ ಸ್ವಾರಸ್ಯದ ಕತೆ. ಸ್ಕಾಟ್ಲೆಂಡಿನ ವಿದ್ವಾಂಸ ಜಾನ್ ಮ್ಯೂರ್ ಕ್ರೈಸ್ತಮತದ ಪರವಾಗಿ ಸಂಸ್ಕೃತದಲ್ಲಿ ಬರೆದ ‘ಮತಪರೀಕ್ಷಾ’ಕ್ಕೆ ಕಾಶಿಯಲ್ಲಿದ್ದ ಈ ಚಿತ್ಪಾವನ ಪಂಡಿತರು ‘ಶಾಸ್ತ್ರತತ್ತ್ವವಿನಿರ್ಣಯ’ ಎಂಬ ಎದುರುತ್ತರ ಬರೆದರು; 1848ರಲ್ಲಿ ತಾವೇ ಕ್ರೈಸ್ತರಾಗಿ, ಮುಂದೆ ‘ಷಡ್ದರ್ಶನ ದರ್ಪಣ’ದಲ್ಲಿ ಆರೂ ದರ್ಶನಗಳ ಖಂಡನೆಗೆ ಇಳಿದರು. ಪಕ್ಷ ಬದಲಾದರೂ ಪರಿಭಾಷೆ ಅದೇ ಶಾಸ್ತ್ರದ್ದು. ನಮ್ಮಲ್ಲೂ ‘ಸ್ವಮತ ಸ್ಥಾಪನೆ, ಪರಮತ ಖಂಡನೆ’ ಎಂಬ ಜೋಡಿ ಮಠಗಳಲ್ಲಿ ರೂಢಿಯಲ್ಲಿದೆಯಷ್ಟೆ. ಕೈಪಿಡಿಯಲ್ಲಿ ಇರುವುದು ಮೊದಲರ್ಧ ಮಾತ್ರ. ಅದನ್ನು ಹುಡುಗರಿಗೆ ಒತ್ತಿ ಹೇಳಿದ್ದೇನೆ, ಏಕೆಂದರೆ ಪೇತ್ರನ ಅದೇ ವಚನ ಉತ್ತರವನ್ನು ಸಾತ್ವಿಕವಾಗಿ ಕೊಡಿ ಎನ್ನುತ್ತದೆ. ಆದರೆ ‘ಸ್ಥಾಪನೆ’ ಅಂದರೆ ಇವತ್ತು ಸಂಘ ಕಟ್ಟುವುದು, ವಿಗ್ರಹ ಕೂರಿಸುವುದು.

ಹಾಗಾಗಿ ನನ್ನ ಒಲವು ‘ಮಂಡನೆ’ಯ ಕಡೆಗೆ. ಖಂಡನೆಗೆ ಸರಿಜೋಡಿ, ‘ವಕೀಲರು ವಾದ ಮಂಡಿಸಿದರು’ ಎಂಬಲ್ಲಿ ಕೋರ್ಟಿನ ವಾಸನೆಯೂ ಉಳಿದಿದೆ. ಬಜೆಟ್ಟಿನ ನೆನಪಾದೀತು, ಆಗಲಿ. ಆ ಕೆಲಸ ಮಾಡುವವನನ್ನು ‘ಮಂಡನಕಾರ’ ಎನ್ನಬಹುದೇ? ಶಂಕರರಿಗೆ ಸೋತ ಮಂಡನಮಿಶ್ರ ಯಾರಿಗಾದರೂ ನೆನಪಾದರೆ ನಾನು ಹೊಣೆಯಲ್ಲ.

ಇನ್ನೊಂದು ತೊಡಕು. ಪ್ರೊಟೆಸ್ಟೆಂಟರು ಹೆಚ್ಚಾಗಿ ‘ನಂಬಿಕೆ’ ಎನ್ನುವ ಕಡೆ ಕಥೋಲಿಕರು ‘ವಿಶ್ವಾಸ’ ಎನ್ನುತ್ತಾರೆ. ‘ನಂಬಿಕೆಯ ಮಂಡನೆ’ ಕಿವಿಗೆ ಹಿತ, ‘ವಿಶ್ವಾಸ ಮಂಡನೆ’ ಸಮಾಸವಾಗಿ ಗಟ್ಟಿ. ತರಗತಿಗೆ ಎರಡೂ ಕಡೆಯವರು ಬರುತ್ತಾರೆ.

ಮಂಗಳೂರು, ಧಾರವಾಡದ ಕಡೆ ದೇವಶಾಸ್ತ್ರ ಓದಿದವರು ಬಳಗದಲ್ಲಿದ್ದರೆ, ಪಾಠದಲ್ಲಿ ಯಾವ ಪದ ಬಳಸುತ್ತಿದ್ದಿರಿ ತಿಳಿಸಿ. ಬಾಸೆಲ್ ಮಿಶನ್ನಿನ ಹಳೆಯ ಮುದ್ರಣಗಳಲ್ಲಿ ‘ಮಂಡನೆ’ ಈ ಅರ್ಥದಲ್ಲಿ ಕಂಡಿದ್ದರೆ ಆ ವಾಕ್ಯವನ್ನೇ ಪೂರ್ತಿ ಕಳಿಸಿದರೆ ಒಳ್ಳೆಯದು.