ಸಹಾಯ ಬೇಕು: ಪಾಲಿಕೆ ಮುಂದಿರುವ ವಸತಿ ಯೋಜನೆಯ ಬಗ್ಗೆ ಮನವಿ ಬರೆಯಲು

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ ಬಾಡಿಗೆಗೆ ಇರುವವರು. ಬಡವರಿಗಾಗಿ ಊರ ಹೊರಗೆ ಬಹುಮಹಡಿ ಮನೆಗಳನ್ನು ಕಟ್ಟುವ ಪ್ರಸ್ತಾವ ಮಹಾನಗರ ಪಾಲಿಕೆಯ ಪರಿಶೀಲನೆಯಲ್ಲಿದ್ದು, ತೀರ್ಮಾನವಾಗುವ ಮೊದಲೇ ನಮ್ಮ ಓಣಿಯವರ ಪರವಾಗಿ ಮನವಿ ಕೊಡಬೇಕೆಂದಿದ್ದೇವೆ.

ಯೋಜನೆ ಬೇಡ ಎನ್ನುವುದು ನಮ್ಮ ಮಾತಲ್ಲ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಐದು ಜನ ಮಲಗುತ್ತೇವೆ. ಎಷ್ಟು ಸಲ ಸುಣ್ಣ ಬಳಿದರೂ ಭಟ್ಟಿಯ ಹೊಗೆಗೆ ಗೋಡೆ ಮತ್ತೆ ಕಪ್ಪಾಗುತ್ತದೆ. ಆದರೆ ನಮ್ಮ ತಾಯಿಯಂಥವರು ನಸುಕಿನಲ್ಲೇ, ಸಿಟಿ ಬಸ್ಸು ಹೊರಡುವ ಮೊದಲೇ, ಭಟ್ಟಿಗೆ ಹೋಗಬೇಕಾದ್ದರಿಂದ ಮನೆ ದೂರವಾದರೆ ಕೂಲಿಯೇ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಮನೆಯ ಅಳತೆಗಿಂತ ಇದೇ ದೊಡ್ಡ ಪ್ರಶ್ನೆ. ಲಿಫ್ಟ್ ಇಲ್ಲದಿದ್ದರೆ ಮೂರನೇ ಮಹಡಿಗೆ ವಯಸ್ಸಾದವರು ನೀರು ಹೊರುವುದು ಹೇಗೆ ಎಂಬುದೂ ಇದೆ.

2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ವಾರ್ಷಿಕ ಆದಾಯದ ಮಿತಿ 3 ಲಕ್ಷ ರೂಪಾಯಿ, ಮನೆಯ ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗೆ ಬಳಸಲು ಸಿಗುವ ಜಾಗ) 30 ಚದರ ಮೀಟರ್‌ವರೆಗೆ ಎಂದಿತ್ತು ಎಂದು ಓದಿ ತಿಳಿದಿದ್ದೇನೆ. ಫಲಾನುಭವಿಯ ವಂತಿಗೆ, ಬ್ಯಾಂಕ್ ಸಾಲದ ಕಂತು, ನಿರ್ವಹಣಾ ವೆಚ್ಚ ಇವುಗಳನ್ನು ಯೋಜನಾ ವರದಿಯಲ್ಲಿ ಎಲ್ಲಿ ನೋಡಬೇಕೆಂದು ಬಲ್ಲವರು ತಿಳಿಸಬೇಕು. ವರದಿಯ ಪ್ರತಿಗಾಗಿ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿದ್ದೇನೆ. ಉತ್ತರಕ್ಕೆ 30 ದಿನಗಳ ಅವಕಾಶವಿರುವುದರಿಂದ ಅಷ್ಟರೊಳಗೆ ತೀರ್ಮಾನ ಮಾಡುವ ಪಾಲಿಕೆ ಸಭೆ ಮುಗಿದುಬಿಡುವ ಆತಂಕವಿದೆ.

ಇಂಥ ಮನವಿ ಬರೆದ ಅನುಭವವಿರುವ ವಕೀಲರು, ನಕ್ಷೆ ಓದಬಲ್ಲ ಎಂಜಿನಿಯರ್‌ಗಳು, ಇಲ್ಲಿ ಅಥವಾ ಚಿತ್ರದುರ್ಗದಲ್ಲಿ ಈಗಾಗಲೇ ಇಂಥ ಮನೆಗಳಿಗೆ ಹೋಗಿರುವವರು ದಯವಿಟ್ಟು ಉತ್ತರಿಸಿ. ಕರಡು ನನ್ನ ಬಳಿ ಸಿದ್ಧವಿದೆ, ಕೇಳಿದವರಿಗೆ ಕಳಿಸುತ್ತೇನೆ.