ಅಪ್‌ಡೇಟ್: ಹಳೇ ವೀಡ್ ಕಟರನ್ನೇ ತಂದೆ

ಅಡಿಕೆ ತೋಟದ ಹುಲ್ಲು ಹೊಡೆಯಲು ಕಡಿಮೆ ಬೆಲೆಯ ಹೊಸ ಟೂ ಸ್ಟ್ರೋಕ್ ವೀಡ್ ಕಟರ್ ತಗೊಳ್ಳಲಾ, ಪಕ್ಕದೂರಿನವರು ಮಾರುತ್ತಿದ್ದ ಹಳೇ ಹೋಂಡಾ ಜಿಎಕ್ಸ್35 ತಗೊಳ್ಳಲಾ ಅಂತ ಕೇಳಿದ್ದೆನಲ್ಲ, ಹಳೇದನ್ನೇ ತಂದೆ. ನೀವು ಹೇಳಿದ ಹಾಗೆ ಎಂಜಿನ್ ತಣ್ಣಗಿರುವಾಗಲೇ ಹಗ್ಗ ಎಳೆದು ನೋಡಿದೆ, ಸಲೀಸಾಗಿ ಸ್ಟಾರ್ಟ್ ಆಯಿತು. ಕಾರ್ಬುರೇಟರ್ ಕ್ಲೀನ್ ಮಾಡಿಸಿ, ಹೊಸ ಸ್ಪಾರ್ಕ್ ಪ್ಲಗ್ ಮತ್ತು 100 ಮಿ.ಲೀ. ಎಂಜಿನ್ ಆಯಿಲ್ ಹಾಕಿದೆ, ಅಷ್ಟೇ. ಇದು ಫೋರ್ ಸ್ಟ್ರೋಕ್ ಅಲ್ವಾ, ಟೂ ಸ್ಟ್ರೋಕಿನ ಹಾಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆಯೇ ಇಲ್ಲ. ಹೊಸದರ ಅಂಗಡಿಯಲ್ಲಿ ಸ್ಪೇರ್ ಪಾರ್ಟ್ ಬಗ್ಗೆ ಕೇಳಿದರೆ "ತರಿಸಿ ಕೊಡೋಣ ಬಿಡಿ" ಅಂದರು. ಆ "ಬಿಡಿ" ಕೇಳಿಯೇ ಬಿಟ್ಟು ಬಂದೆ! ಹೆಗಲ ಬೆಲ್ಟ್ ಸವೆದಿದೆ, ಬದಲಿಸಬೇಕು. ಕಲ್ಲಿರುವ ಕಡೆ ಬ್ಲೇಡ್ ತೆಗೆದು ನೈಲಾನ್ ದಾರ ಹಾಕಿ ಅಂದವರಿಗೆ ಥ್ಯಾಂಕ್ಸ್, ಧರೆಯ (ಕಡಿದಾದ ಮಣ್ಣಿನ ಬದಿಯ) ಅಂಚಿಗೆ ಅದೇ ಸರಿ.